ನೀರು ಕುದಿಸಿದರೆ ಅದರಲ್ಲಿರುವ ಕ್ರೋಮಿಯಂ, ಸೀಸ ಹೋಗುತ್ತವೆಯೇ?

‘ಕಾರ್ಖಾನೆ ಪಕ್ಕದ ಬೋರ್‌ವೆಲ್ ನೀರಾದರೂ ಚೆನ್ನಾಗಿ ಕುದಿಸಿದರೆ ಮಕ್ಕಳಿಗೂ ಕೊಡಬಹುದು.’ ಇಂಥ ಸಲಹೆ ನಿಮ್ಮ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ನಿಜ ಏನು?

ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಆದರೆ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಜೀವಿಗಳಲ್ಲ, ಲೋಹಗಳು. ನೀರು ಆವಿಯಾಗಿ ಹೋಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ. ಒಂದು ಲೀಟರ್ ಕುದಿದು ಮುಕ್ಕಾಲು ಲೀಟರ್ ಆದರೆ, ಮೊದಲಿದ್ದಷ್ಟೇ ಲೋಹ ಈಗ ಕಡಿಮೆ ನೀರಿನಲ್ಲಿರುತ್ತದೆ!

ಹಾಗಾದರೆ ತೆಗೆಯುವುದು ಹೇಗೆ?

ಅದು ಕಾರ್ಖಾನೆಯಲ್ಲೇ ಆಗಬೇಕಾದ ಕೆಲಸ. ಬೆಂಗಳೂರಿನ ಪೀಣ್ಯದಂಥ ಕಡೆ ಇರುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳನ್ನೇ ನೋಡಿ. ಅಲ್ಲಿನ ಹಳದಿ ನೀರಿನಲ್ಲಿರುವುದು ಹೆಚ್ಚು ವಿಷಕಾರಿಯಾದ ಕ್ರೋಮಿಯಂ-6. ಆ ನೀರನ್ನು ಆಮ್ಲೀಯವಾಗಿಸಿ, ಸೋಡಿಯಂ ಬೈಸಲ್ಫೈಟ್ ಬೆರೆಸಿ ಮೊದಲು ಅದನ್ನು ಕ್ರೋಮಿಯಂ-3 ಆಗಿ ಬದಲಿಸಬೇಕು. ಆಮೇಲೆ ಸುಣ್ಣ ಹಾಕಿ ಪಿಎಚ್ ಅನ್ನು 8–9ಕ್ಕೆ ಏರಿಸಿದರೆ ಕರಗಿದ್ದ ಲೋಹ ಹಸಿರು ಗಸಿಯಾಗಿ ತಳ ಸೇರುತ್ತದೆ. ಮೊದಲ ಹಂತ ಬಿಟ್ಟರೆ ಎಷ್ಟು ಸುಣ್ಣ ಸುರಿದರೂ ಕ್ರೋಮಿಯಂ-6 ನೀರಿನಲ್ಲೇ ಇರುತ್ತದೆ. ಆ ಗಸಿಯೂ ಅಪಾಯಕಾರಿ ತ್ಯಾಜ್ಯವೇ. ಅದನ್ನು ಚರಂಡಿಗೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ನೀವೇನು ಮಾಡಬಹುದು?

ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರ್‌ಗೆ 0.05 ಮಿಲಿಗ್ರಾಂ ಮೀರಬಾರದು. ಇಷ್ಟು ಕಡಿಮೆ ಪ್ರಮಾಣ ಕಣ್ಣಿಗಾಗಲಿ, ನಾಲಿಗೆಗಾಗಲಿ ತಿಳಿಯುವುದಿಲ್ಲ. ಟಿಡಿಎಸ್ ಮೀಟರ್ ಕೂಡ ಹೇಳುವುದಿಲ್ಲ. ನಿಮ್ಮ ಬೋರ್‌ವೆಲ್ ಕೈಗಾರಿಕಾ ಪ್ರದೇಶದ ಹತ್ತಿರವಿದ್ದರೆ, ಪ್ರಯೋಗಾಲಯದಲ್ಲಿ ‘ಭಾರ ಲೋಹಗಳ ಪರೀಕ್ಷೆ’ ಎಂದೇ ಕೇಳಿ ಮಾಡಿಸಿ. ವರದಿ ಬರುವವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ, ಕುದಿಸಿದ್ದರೂ ಸರಿ.