ಮಾಡೆಮ್ಮಿನ ಬೀಗ

ಕೊಯಮತ್ತೂರಿನ ಪಂಪು ಕಾರ್ಖಾನೆಗಳ, ತಿರುಪ್ಪೂರಿನ ಹೆಣಿಗೆ ಯಂತ್ರಗಳ ನೆರೆಯಲ್ಲಿ ಬಾಳುವ ನಾವು ಕೆಟ್ಟ ಯಂತ್ರವನ್ನು ಬಿಚ್ಚಿ ನೋಡದೆ ಬಿಸುಡುವವರಲ್ಲ. ಆದರೆ ಸಂಪರ್ಕ ಬದಲಾದೊಡನೆ, ಕೆಡದಿರುವ ಬ್ರಾಡ್‌ಬ್ಯಾಂಡ್ ಮಾಡೆಮ್ಮನ್ನು ಅಟ್ಟಕ್ಕೇರಿಸುತ್ತೇವೆ. ಅದರ ತಂತ್ರಾಂಶವು ಒಂದೇ ಕಂಪನಿಯ ಸೇವೆಗೆ ಬಿಗಿದಿರುವುದೇ ಇದಕ್ಕೆ ಕಾರಣ.

ಅನೇಕ ಮಾಡೆಮ್ಮುಗಳ ಒಳಹಲಗೆಯಲ್ಲಿ, ತಯಾರಕರು ಪರೀಕ್ಷೆಗೆಂದು ಇಟ್ಟ ಸೀರಿಯಲ್ ಕನ್ಸೋಲ್ ಎಂಬ ಹಿತ್ತಿಲ ಬಾಗಿಲುಂಟು. ಕಳುಹಿಸುವ, ಸ್ವೀಕರಿಸುವ, ಭೂಸಂಪರ್ಕದ ಮೂರು ತಂತಿಗಳನ್ನು 3.3 ವೋಲ್ಟಿನ ಯು.ಎಸ್.ಬಿ. ಅಡಾಪ್ಟರಿನಿಂದ ಕಂಪ್ಯೂಟರಿಗೆ ಸೇರಿಸಬೇಕು. ವೋಲ್ಟು ಹೆಚ್ಚಿದರೆ ಹಲಗೆ ಸುಟ್ಟೀತು. ವೇಗ ಬಹುಮಟ್ಟಿಗೆ ಸೆಕೆಂಡಿಗೆ 115200 ಬಿಟ್. ಮಾಡೆಮ್ಮಿಗೆ ವಿದ್ಯುತ್ತು ಹರಿದೊಡನೆ ಕೀಲಿಯೊತ್ತಿ ಬೂಟ್‌ಲೋಡರನ್ನು ತಡೆಯಲಾದರೆ, ಮೊದಲು ಸ್ಮೃತಿಯ ಪ್ರತಿ ತೆಗೆದಿಟ್ಟು, ಬಳಿಕ ತಕ್ಕ ತಂತ್ರಾಂಶ ತುಂಬಬಹುದು.

ಬಾಡಿಗೆಯ ಮಾಡೆಮ್ ಕಂಪನಿಯ ಸೊತ್ತು, ಅದನ್ನು ಮುಟ್ಟಲಾಗದು. ನಮ್ಮದಾದುದನ್ನು ತೆರೆದರೆ, ಬಡ ವಿದ್ಯಾರ್ಥಿಯೊಬ್ಬನ ಮನೆಗೆ ಹೊಸತರ ವೆಚ್ಚ ಉಳಿದೀತು.