ಚಟ್ನಿಯ ಕೊಬ್ಬು ಯಾವ ಲೆಕ್ಕಕ್ಕೆ?



ದೆಹಲಿಯ ಲಕ್ಷ್ಮೀ ನಗರದಲ್ಲಿ ಸಿ.ಎ. ಕೋಚಿಂಗಿಗೆ ಬಂದ ವಿದ್ಯಾರ್ಥಿಗಳೇ ನಮ್ಮ ಇಡ್ಲಿ-ದೋಸೆಯ ಗಿರಾಕಿಗಳು. ‘ಇಡ್ಲಿಯಲ್ಲಿ ಎಣ್ಣೆಯಿಲ್ಲ’ ಎಂದು ನಾವು ಹೇಳುವುದು ನಿಜ. ಚಟ್ನಿಯ ಮಾತೇನು?

ದೇಶದ ಆಹಾರ ಲೆಕ್ಕದಲ್ಲಿ ಹಣ್ಣುಗಳಿಂದ ಸಿಗುವ ಕೊಬ್ಬು ಅತ್ಯಲ್ಪ. 100 ಗ್ರಾಂ ಬಾಳೆಹಣ್ಣಿನಲ್ಲಿ ಅರ್ಧ ಗ್ರಾಂ ಕೂಡ ಇಲ್ಲ. ಕೊಡಗಿನಲ್ಲಿ ಬೆಳೆಯುವ ಬೆಣ್ಣೆಹಣ್ಣಿನಲ್ಲಿ ಸುಮಾರು 15 ಗ್ರಾಂ ಇದ್ದರೂ ಅದನ್ನು ತಿನ್ನುವವರು ಕಡಿಮೆ. ಹೆಚ್ಚಿನ ಕೊಬ್ಬು ಬೇರೆ ಖಾತೆಯಲ್ಲಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ತೆಂಗಿನಕಾಯಿಯನ್ನು ಹಣ್ಣಿನಲ್ಲಿ ಅಲ್ಲ, ಎಣ್ಣೆಬೆಳೆಗಳಲ್ಲಿ ಎಣಿಸುತ್ತದೆ. ನಾವು ಬಾಣಲೆಗೆ ಸುರಿಯುವ ಪಾಮೋಲಿನ್ ಎಣ್ಣೆತಾಳೆಯ ಹಣ್ಣಿನ ತಿರುಳಿನದೇ. ಅದು ಸಸ್ಯಜನ್ಯ ಎಣ್ಣೆಯ ಖಾತೆಗೆ ಸೇರುತ್ತದೆ.

ಹಸಿ ತೆಂಗಿನ ತುರಿ 100 ಗ್ರಾಂಗೆ ಸುಮಾರು 33 ಗ್ರಾಂ ಕೊಬ್ಬು. ಪ್ಲೇಟಿಗೆ 30 ಗ್ರಾಂ ತುರಿ ಹೋದರೆ 10 ಗ್ರಾಂ ಕೊಬ್ಬು ಹೋದಂತೆ!

ಬೆಲೆಯ ಪೆಟ್ಟೂ ಇಲ್ಲೇ. 2022ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿ, ಮೇನಲ್ಲಿ ಮತ್ತೆ ಬಿಟ್ಟಿತು. 2025ರಲ್ಲಿ ತೆಂಗಿನ ಬೆಲೆ ದಾಖಲೆ ಮುಟ್ಟಿತು. ಆದ್ದರಿಂದ ತುರಿಯನ್ನು ಕೈಯಳತೆಯಲ್ಲಿ ಹಾಕದೆ ತೂಗಿ ಹಾಕಿ. ಸ್ವಲ್ಪ ಹುರಿಗಡಲೆ ಸೇರಿಸಿದರೆ ಕೊಬ್ಬೂ ಖರ್ಚೂ ಇಳಿಯುತ್ತವೆ; ಆದರೆ ಗಿರಾಕಿ ಕೇಳಿದರೆ ಇದ್ದದ್ದನ್ನೇ ಹೇಳಿ.