ತೆರಿಗೆ ಬಾಕಿಗೆ ನೋಟೀಸು ಬಂತೇ? ವಕೀಲರನ್ನು ಹಿಡಿಯುವ ಮುಂಚೆ ಇಷ್ಟು ತಿಳಿದಿರಲಿ



ಮನೆ ಕಂದಾಯ ನಾಲ್ಕೈದು ವರ್ಷ ಕಟ್ಟದೆ ಉಳಿದುಬಿಡುತ್ತದೆ. ಕೆಲವರ ಯಜಮಾನರು ತೀರಿಹೋಗಿರುತ್ತಾರೆ. ಕೆಲವು ಮನೆಗಳಲ್ಲಿ ಅಣ್ಣ ತಮ್ಮಂದಿರು 'ನೀನು ಕಟ್ಟು, ನೀನು ಕಟ್ಟು' ಎಂದು ಕೂತಿರುತ್ತಾರೆ. ಒಂದು ದಿನ ಪಂಚಾಯಿತಿಯಿಂದ ನೋಟೀಸು ಬರುತ್ತದೆ. ಆಗ ಯಾರೋ ಒಬ್ಬರು ಬಂದು, "ಐದು ಸಾವಿರ ಕೊಡಿ ಅಕ್ಕ, ಎಲ್ಲಾ ಮಾಫಿ ಮಾಡಿಸ್ತೀನಿ" ಅನ್ನುತ್ತಾರೆ. ಸಂಘದಲ್ಲಿ ಸಾಲ ತೆಗೆದು ಕೊಟ್ಟರೆ ಆ ದುಡ್ಡೂ ಹೋಯಿತು, ಬಾಕಿಯೂ ಉಳಿಯಿತು, ಮೇಲೆ ಸಾಲದ ಕಂತು ಬೇರೆ!

ಮೊದಲು ಮಾಡಬೇಕಾದ್ದು

ನೋಟೀಸನ್ನು ಓದಿಸಿ. ಯಾವ ಕಚೇರಿಯದು, ಯಾರ ಹೆಸರಿಗೆ, ಯಾವ ವರ್ಷದ ಬಾಕಿ, ಎಷ್ಟು, ಕಡೇ ದಿನ ಯಾವುದು - ಈ ಐದನ್ನು ಬರೆದಿಟ್ಟುಕೊಳ್ಳಿ. ಹಳೆಯ ರಸೀದಿಗಳನ್ನು ಹುಡುಕಿ. ಕಟ್ಟಿದ ವರ್ಷವೂ ಬಾಕಿ ಎಂದು ಸೇರಿದ್ದರೆ ರಸೀದಿಯ ಜೆರಾಕ್ಸ್ ಇಟ್ಟು ಪಿಡಿಒಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಒಟ್ಟಿಗೆ ಕಟ್ಟಲು ಆಗದಿದ್ದರೆ ಕಂತು ಕೇಳಿಯೂ ಬರೆದುಕೊಡಿ. ಇದಕ್ಕೆ ವಕೀಲರು ಬೇಕಿಲ್ಲ. ಆದರೆ ಸುಮ್ಮನೆ ಕೂರಬೇಡಿ. ಬಾಕಿಗಾಗಿ ಮನೆಯ ಸಾಮಾನು ಜಪ್ತಿ ಮಾಡಲೂ ಕಾನೂನಿನಲ್ಲಿ ಅವಕಾಶವಿದೆ.

ಆದಾಯ ತೆರಿಗೆ ನೋಟೀಸಾದರೆ ಅದರ ಮೇಲಿನ ದಾಖಲೆ ಗುರುತಿನ ಸಂಖ್ಯೆ ನೋಡಿ. 2019ರ ಅಕ್ಟೋಬರ್‌ನಿಂದ ಈ ಸಂಖ್ಯೆ ಬಂದಿದೆ. ನೋಟೀಸು ನಿಜವೋ ಸುಳ್ಳೋ ಎಂದು ಇಲಾಖೆಯ ವೆಬ್‌ಸೈಟಿನಲ್ಲಿ ಪರೀಕ್ಷಿಸಬಹುದು. ನಿಮ್ಮ ಪಾನ್ ಕಾರ್ಡನ್ನು ಬೇರೆಯವರು ಬಳಸಿದ್ದರಿಂದಲೂ ನೋಟೀಸು ಬರಬಹುದು. ತೆರಿಗೆ ಬೇಡಿಕೆಯ ಮೇಲೆ ಮೇಲ್ಮನವಿಗೆ ಸಾಮಾನ್ಯವಾಗಿ 30 ದಿನ ಮಾತ್ರ ಇರುವುದರಿಂದ ತಡ ಮಾಡದೆ ಲೆಕ್ಕಪರಿಶೋಧಕರನ್ನೋ ವಕೀಲರನ್ನೋ ಕಾಣಿ.

ವಕೀಲರು ಯಾವಾಗ ಬೇಕು?

ಜಪ್ತಿಯ ಮಾತು ಬಂದಾಗ, ಅರ್ಜಿಗೆ ಉತ್ತರವೇ ಬಾರದಾಗ, ಖಾತೆ ಸತ್ತವರ ಹೆಸರಿನಲ್ಲೇ ಉಳಿದು ಪಾಲುದಾರರು ಜಗಳ ತೆಗೆದಾಗ. ಒಂದು ಮಾತು ನೆನಪಿರಲಿ: ಕಂದಾಯ ಕಟ್ಟಿದ ರಸೀದಿ ಹಕ್ಕುಪತ್ರವಲ್ಲ. ಅದನ್ನು ತೋರಿಸಿದ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ.

ದುಡ್ಡಿಲ್ಲ, ಏನು ಮಾಡೋದು?

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಎಲ್ಲಾ ಮಹಿಳೆಯರಿಗೂ ಉಚಿತ ಕಾನೂನು ನೆರವು ಉಂಟು. ಮಹಿಳೆಗೆ ಆದಾಯದ ಮಿತಿಯಿಲ್ಲ. ತಾಲೂಕು ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಸಮಿತಿಯನ್ನು ಕೇಳಿ. ಬರೆಯಲು ಬಾರದಿದ್ದರೆ ಬಾಯಲ್ಲೇ ಹೇಳಿ, ಅಲ್ಲಿಯವರು ಬರೆದುಕೊಳ್ಳುತ್ತಾರೆ. ಸಹಾಯವಾಣಿ 15100. ಸಮಿತಿ ಕೊಟ್ಟ ವಕೀಲರು ನಿಮ್ಮಿಂದ ಫೀಸು ಕೇಳುವಂತಿಲ್ಲ. ಕೇಳಿದರೆ ಸಮಿತಿಗೇ ದೂರು ಕೊಡಿ.

ನಾವೇ ವಕೀಲರನ್ನು ಇಟ್ಟುಕೊಳ್ಳುವುದಾದರೆ

1. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳುವುದು ಅವಮಾನವಲ್ಲ.
2. ಫೀಸು ಎಷ್ಟು, ಯಾವ ಕೆಲಸಕ್ಕೆ ಎಂದು ಮೊದಲೇ ಬರೆಸಿಕೊಳ್ಳಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ.
3. 'ಗೆಲ್ಲಿಸಿದರೆ ಇಷ್ಟು ಪಾಲು' ಎಂದು ಫೀಸು ಮಾತಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ಅಂಥವರಿಂದ ದೂರವಿರಿ.
4. ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಬೇಡ. ವಕಾಲತ್ತು ಪತ್ರವನ್ನು ಓದಿಸಿ ಕೇಳಿದ ಮೇಲೆ ಸಹಿ ಹಾಕಿ.
5. ಮೂಲ ಪತ್ರಗಳು ನಿಮ್ಮಲ್ಲೇ ಇರಲಿ, ಜೆರಾಕ್ಸ್ ಕೊಡಿ. ಕೋರ್ಟು ಮೂಲ ಪತ್ರ ಕೇಳಿದರೆ ಬರೆಸಿಕೊಂಡು ಕೊಡಿ.
6. ಬಾಕಿ ಹಣವನ್ನು ಯಾರ ಕೈಗೂ ಕೊಡಬೇಡಿ. ಕಚೇರಿಯಲ್ಲೇ ಕಟ್ಟಿ ರಸೀದಿ ತನ್ನಿ.

ಒಂಟಿಯಾಗಿ ಕಚೇರಿಗೆ ಹೋಗಲು ಅಂಜಿಕೆಯಾದರೆ ಸಂಘದ ಇಬ್ಬರು ಜೊತೆಗೆ ಹೋಗೋಣ. ಈ ಹಾಳೆಯನ್ನು ಬರುವ ವಾರದ ಸಭೆಯಲ್ಲಿ ಓದಿ ಹೇಳಿ. ಯಾರ ಮನೆಯ ಕಂದಾಯ ಎಲ್ಲಿಯವರೆಗೆ ಕಟ್ಟಿದೆ ಎಂದು ಎಲ್ಲರೂ ಒಮ್ಮೆ ರಸೀದಿ ತೆಗೆದು ನೋಡಿಕೊಳ್ಳೋಣ.